ಯಾವ ಮುಖ ಮುಂದೆ ಬರಬೇಕು?

ತಾತನ ಪದಕಗಳಿಗೆ ಗಾಜಿನ ಚೌಕಟ್ಟು ಹಾಕಿಸೋಣವೆಂದು ಕಳೆದ ತಿಂಗಳು ಫೋಟೊ ಫ್ರೇಮ್ ಅಂಗಡಿಗೆ ಹೋಗಿದ್ದೆ. ಬಿಸ್ಕತ್ತಿನ ಹಳೆಯ ತಗಡಿನ ಡಬ್ಬಿಯಿಂದ ಅವುಗಳನ್ನು ಒಂದೊಂದಾಗಿ ತೆಗೆದು ಗಲ್ಲಾದ ಮೇಲೆ ಇಟ್ಟೆ. ಎರಡನೆಯ ಮಹಾಯುದ್ಧದಲ್ಲಿ ಬರ್ಮಾದಲ್ಲಿ ದುಡಿದವರಿಗೆ ಕೊಟ್ಟ, ಆರು ಮೂಲೆಯ ಕಂಚಿನ ಬರ್ಮಾ ಸ್ಟಾರ್ ವಿಷಯದಲ್ಲಿ ಗೊಂದಲವೇನೂ ಇರಲಿಲ್ಲ, ಅದರ ಹಿಂಬದಿ ಬೋಳು. ಆದರೆ ಕೇಸರಿ, ಬಿಳಿ, ಹಸಿರು ಪಟ್ಟೆಯ ರಿಬ್ಬನ್ನಿನ ದುಂಡನೆಯ ಪದಕವನ್ನು ಕೈಗೆತ್ತಿಕೊಂಡ ಹುಡುಗ ಅದನ್ನು ಎರಡು ಸಲ ತಿರುಗಿಸಿ ನೋಡಿ, “ಮೇಡಂ, ಇದರಲ್ಲಿ ಯಾವ ಮುಖ ಮುಂದೆ ಬರಬೇಕು?” ಎಂದು ಕೇಳಿದ.

ಅದು 1947ರ ಆಗಸ್ಟ್ 15ರಂದು ಸೇನೆಯಲ್ಲಿದ್ದವರಿಗೆ ಕೊಟ್ಟ ಸ್ವಾತಂತ್ರ್ಯದ ಪದಕ. ಒಂದು ಬದಿಯಲ್ಲಿ ಅಶೋಕ ಚಕ್ರವಿದೆ, ಆ ಚಕ್ರದ ತಲೆಯ ಮೇಲೆ ಬ್ರಿಟಿಷ್ ಕಿರೀಟವಿದೆ, ಸುತ್ತಲೂ ಲ್ಯಾಟಿನ್ ಭಾಷೆಯಲ್ಲಿ ಆರನೆಯ ಜಾರ್ಜ್ ದೊರೆಯ ಹೆಸರು ಮತ್ತು ಬಿರುದುಗಳಿವೆ. ಇನ್ನೊಂದು ಬದಿಯಲ್ಲಿ ಸಾರನಾಥದ ಸಿಂಹಗಳು, ಭಾರತದ ಸ್ವಾತಂತ್ರ್ಯವೆಂಬ ಇಂಗ್ಲಿಷ್ ಬರಹ ಮತ್ತು ಆ ದಿನಾಂಕ. 1950ರ ಜನವರಿ 26ರವರೆಗೆ ನಮ್ಮದು ಡೊಮಿನಿಯನ್, ಅಂದರೆ ಬ್ರಿಟನ್ನಿನ ದೊರೆಯನ್ನೇ ದೊರೆಯೆಂದು ಉಳಿಸಿಕೊಂಡ ಸ್ವತಂತ್ರ ದೇಶ, ಆಗಿದ್ದುದರಿಂದ ದೊರೆಯ ಹೆಸರು ಅಲ್ಲಿರುವುದು ಕಾನೂನಿನ ಪ್ರಕಾರ ಸರಿಯೇ. ಆದರೂ ಸ್ವಾತಂತ್ರ್ಯ ಬಂದ ನೆನಪಿಗೆ ಹೊಯ್ದ ಪದಕದ ಮೇಲೆ ಆಳಿದವನ ಕಿರೀಟ ಕೂತಿರುವುದನ್ನು ಕಂಡಾಗಲೆಲ್ಲ ನನಗೆ ತಾತನ ಇಡೀ ಆಯುಷ್ಯವೇ ಆ ರೂಪಾಯಿಯಗಲದಲ್ಲಿ ಅಡಕವಾದಂತೆ ತೋರುತ್ತದೆ. ಆ ಹುಡುಗನಿಗೆ ಉತ್ತರ ಹೊಳೆಯದೆ, ನಾಳೆ ಹೇಳುತ್ತೇನೆಂದು ಡಬ್ಬಿಯನ್ನು ಮುಚ್ಚಿಕೊಂಡು ಬಂದೆ.

ನಮ್ಮ ಊರು ಗೌರಿಬಿದನೂರು ತಾಲ್ಲೂಕಿನದು. ಹೊಲಗಳ ನಡುವಿನ ಹಾದಿಯಲ್ಲಿ ನಡೆದರೆ ಒಂದು ಗಂಟೆಯೊಳಗೆ ವಿದುರಾಶ್ವತ್ಥ ತಲುಪಬಹುದು. 1938ರಲ್ಲಿ ಮೈಸೂರು ಸಂಸ್ಥಾನದಲ್ಲಿ ಕಾಂಗ್ರೆಸ್ಸಿನ ಬಾವುಟ ಹಾರಿಸಲು ನಿಷೇಧವಿತ್ತು. ಆ ವರ್ಷದ ಏಪ್ರಿಲ್ 25ರಂದು ನಿಷೇಧವನ್ನು ಮುರಿಯಲು ವಿದುರಾಶ್ವತ್ಥದಲ್ಲಿ ಸೇರಿದ್ದ ಜನರ ಮೇಲೆ ಪೊಲೀಸರು ಗುಂಡು ಹಾರಿಸಿದರು. ಆ ಗುಂಪಿನಲ್ಲಿ ನಮ್ಮ ಅಜ್ಜಿಯ ಅಣ್ಣನೂ ಇದ್ದರು. ಅಶ್ವತ್ಥ ವೃಕ್ಷದ ಸುತ್ತ ಸಾಲುಸಾಲಾಗಿ ನಿಲ್ಲಿಸಿರುವ ನಾಗರಕಲ್ಲುಗಳ ನಡುವೆ ಬೋರಲಾಗಿ ಮಲಗಿ ಪ್ರಾಣ ಉಳಿಸಿಕೊಂಡದ್ದನ್ನು ಅವರು ಮುಪ್ಪಿನವರೆಗೂ ಹೇಳುತ್ತಿದ್ದರು. ಆ ರಕ್ತಪಾತದ ನಂತರ ಸರ್ದಾರ್ ಪಟೇಲರೂ ಆಚಾರ್ಯ ಕೃಪಲಾನಿಯವರೂ ಬಂದು ದಿವಾನ್ ಮಿರ್ಜಾ ಇಸ್ಮಾಯಿಲ್ ಅವರೊಡನೆ ಮಾತುಕತೆ ನಡೆಸಿದ ಫಲವಾಗಿ, ಸಂಸ್ಥಾನದ ಧ್ವಜದ ಜೊತೆಗೆ ಕಾಂಗ್ರೆಸ್ ಧ್ವಜವನ್ನೂ ಹಾರಿಸಬಹುದೆಂಬ ಒಪ್ಪಂದವಾಯಿತು.

ಇದಾದ ಮೂರೇ ವರ್ಷಕ್ಕೆ, ಅದೇ ಮನೆಯ ಹೆಣ್ಣನ್ನು ಮದುವೆಯಾಗಿದ್ದ ನಮ್ಮ ತಾತ ಬೆಂಗಳೂರಿನ ರೈಲು ಹತ್ತಿ ಹೋಗಿ ಬ್ರಿಟಿಷರ ಸೈನ್ಯಕ್ಕೆ ಸೇರಿದರು. ಬಾವಿ ತೋಡಿಸಲು ಸಾಲ ಮಾಡಿದ್ದರು, ಬಾವಿಯಲ್ಲಿ ನೀರು ಬಂದಿರಲಿಲ್ಲ. ಇದಕ್ಕಿಂತ ದೊಡ್ಡ ಕಾರಣವನ್ನು ಅವರು ಯಾವತ್ತೂ ಹೇಳಲಿಲ್ಲ. ಎರಡನೆಯ ಮಹಾಯುದ್ಧದಲ್ಲಿ ದುಡಿದ ಸುಮಾರು 25 ಲಕ್ಷ ಭಾರತೀಯ ಸೈನಿಕರ ಪಡೆಯನ್ನು ಜಗತ್ತಿನ ಅತಿ ದೊಡ್ಡ ಸ್ವಯಂಪ್ರೇರಿತ ಸೇನೆ ಎಂದು ಹೊಗಳುವುದುಂಟು. ಆ ಸ್ವಯಂಪ್ರೇರಣೆಯಲ್ಲಿ ಬತ್ತಿದ ಬಾವಿಗಳ ಪಾಲೆಷ್ಟು ಎಂದು ಕೇಳಿಕೊಳ್ಳದೆ ಆ ಹೊಗಳಿಕೆಯನ್ನು ಓದುವುದು ನನಗೆ ಕಷ್ಟ. ಅಜ್ಜಿಯ ಅಣ್ಣ ಎರಡು ವರ್ಷ ತಂಗಿಯ ಮನೆಯ ಹೊಸಿಲು ತುಳಿಯಲಿಲ್ಲವಂತೆ.

ತಾತ ಸೇರಿದ್ದು ಹಲಸೂರು ಕೆರೆಯ ಪಕ್ಕದ ಮದ್ರಾಸ್ ಸ್ಯಾಪರ್ಸ್ ಪಡೆಗೆ. ಬೆಂಗಳೂರಿನ ದಂಡು ಪ್ರದೇಶ ಆಗ ಬ್ರಿಟಿಷರ ನೇರ ಆಡಳಿತದಲ್ಲಿತ್ತು, ಮೈಸೂರಿಗೆ ಮರಳಿದ್ದು 1947ರ ಜುಲೈನಲ್ಲಿ. ಮನೆಯಲ್ಲಿ ಕನ್ನಡ, ಸಂತೆಯಲ್ಲಿ ತೆಲುಗು ಆಡುತ್ತಿದ್ದ ಅವರು ಪಲ್ಟನ್ನಿನಲ್ಲಿ ತಮಿಳನ್ನೂ ಹಿಂದೂಸ್ತಾನಿಯನ್ನೂ ಕಲಿತರು. ಸ್ಯಾಪರ್ ಎಂದರೆ ಕೋವಿ ಹಿಡಿದೂ ಹಾರೆ ಗುದ್ದಲಿ ಬಿಡದ ಸೈನಿಕ. ರಸ್ತೆ ಮಾಡುವುದು, ಸೇತುವೆ ಕಟ್ಟುವುದು, ಶತ್ರು ಹೂತಿಟ್ಟ ಮೈನುಗಳನ್ನು ಹುಡುಕಿ ತೆಗೆಯುವುದು ಅವನ ಕೆಲಸ. ಯುದ್ಧದ ಬಗ್ಗೆ ತಾತ ಹೇಳಿದ್ದರಲ್ಲಿ ಮುಕ್ಕಾಲು ಪಾಲು ಮಣ್ಣು, ಕಲ್ಲು ಮತ್ತು ಕೆಸರಿನದೇ ಮಾತು.

1944ರಲ್ಲಿ ಇಂಫಾಲ ಮತ್ತು ಕೊಹಿಮಾದಲ್ಲಿ ಜಪಾನಿಯರು ಸೋತು ಹಿಂದೆ ಸರಿದ ಮೇಲೆ ಬ್ರಿಟಿಷರ ಹದಿನಾಲ್ಕನೆಯ ಸೇನೆ ತಾಮು, ಕಲೇವಾ ದಾರಿಯಾಗಿ ಬರ್ಮಾದೊಳಕ್ಕೆ ನುಗ್ಗಿತು. ಕಲೇವಾ ಬಳಿ ಚಿಂದ್ವಿನ್ ನದಿಗೆ ಆ ಡಿಸೆಂಬರಿನಲ್ಲಿ ಕಟ್ಟಿದ 1,154 ಅಡಿ ಉದ್ದದ ಬೇಯ್ಲಿ ಸೇತುವೆ (ಉಕ್ಕಿನ ಚೌಕಟ್ಟುಗಳನ್ನು ಸ್ಥಳದಲ್ಲೇ ಜೋಡಿಸಿ ಕಟ್ಟುವಂಥದು) ಆ ಬಗೆಯ ಸೇತುವೆಗಳಲ್ಲಿ ಆಗ ಜಗತ್ತಿನಲ್ಲೇ ಅತಿ ಉದ್ದದ್ದು. ತಾತನ ಕಂಪನಿ ಕಟ್ಟಿದ್ದು ಅದನ್ನಲ್ಲ, ಹಳ್ಳಗಳ ಮೇಲಿನ ಸಣ್ಣವನ್ನು. ಬೇಯ್ಲಿ ಸೇತುವೆಯ ಒಂದು ಉಕ್ಕಿನ ಚೌಕಟ್ಟು ಹತ್ತು ಅಡಿ ಉದ್ದ, ಸುಮಾರು 260 ಕಿಲೋ ತೂಕ. ಅದನ್ನು ಎತ್ತಲು ಆರು ಜನ ಬೇಕು. ಊರಿನಲ್ಲಿ ಮಂಟಪದ ಕಂಬ, ಒನಕೆಮರ, ಕೊನೆಗೆ ಚಟ್ಟ ಎತ್ತುವಾಗಲೂ ತಾತ ಎರಡೂ ಕಡೆಯ ಜನರನ್ನು ಬೆರಳು ಮಡಚಿ ಎಣಿಸಿಯೇ “ಎತ್ರಪ್ಪಾ” ಎನ್ನುತ್ತಿದ್ದುದು ಎಲ್ಲಿಂದ ಬಂದ ಅಭ್ಯಾಸವೆಂದು ನನಗೆ ತಿಳಿದದ್ದು ಅವರು ಹೋದ ಎಷ್ಟೋ ವರ್ಷಗಳ ಮೇಲೆ, ಆ ತೂಕವನ್ನು ಓದಿದಾಗ.

ಇನ್ನೊಂದು ಅಭ್ಯಾಸವೂ ಅಲ್ಲಿಯದೇ. ಆ ಕಾಡುರಸ್ತೆಗಳಿಗೆ ಹಾಕಲು ಜಲ್ಲಿ ಸಾಲದೆ ಹೋದಾಗ, ಗೋಣಿಬಟ್ಟೆಯ ಉದ್ದುದ್ದ ಸುರುಳಿಗಳನ್ನು ಡಾಂಬರಿನಲ್ಲಿ ಅದ್ದಿ, ಹದಮಾಡಿದ ಮಣ್ಣಿನ ಮೇಲೆ ಹಾಸುತ್ತಿದ್ದರು. ಒಂದು ಹಾಸಿನ ಅಂಚು ಇನ್ನೊಂದರ ಮೇಲೆ ಹೆಂಚಿನಂತೆ ಕೂರಬೇಕು, ಇಲ್ಲವಾದರೆ ನೀರು ಇಳಿದು ಕೆಳಗಿನ ನೆಲ ಅಂಬಲಿಯಾಗುತ್ತದೆ. ನಮ್ಮ ದನದ ಕೊಟ್ಟಿಗೆಯ ಮಾಡು ಸೋರಿದರೆ ತಾತ ರಸ್ತೆ ಕೆಲಸದವರಿಂದ ಒಂದು ಡಬ್ಬಿ ಡಾಂಬರು ತಂದು ಕಾಯಿಸಿ, ಹಳೆಯ ಗೋಣಿಚೀಲಗಳನ್ನು ಹೊಲಿಗೆ ಬಿಚ್ಚಿ ಅದ್ದಿ, ಕಡ್ಡಿಯಿಂದ ಎತ್ತಿ ಒಂದರ ಮೇಲೊಂದು ಅಂಚು ಕೂರಿಸುತ್ತಿದ್ದರು. ಒಂದು ಗೇಣು ಅಂಚು, ಅದಕ್ಕೆ ಕಡಿಮೆಯಿಲ್ಲ. ಏಣಿಯ ಕೆಳಗೆ ನಿಂತು ಕಡ್ಡಿ ಒದಗಿಸುತ್ತಿದ್ದ ನನ್ನ ಲಂಗಕ್ಕೆ ಬಿದ್ದ ಡಾಂಬರಿನ ಕಲೆಗೆ ಅಜ್ಜಿ ಬೈದದ್ದು ತಾತನಿಗೆ, “ಇನ್ನೂ ಬರ್ಮಾ ಮುಗೀಲಿಲ್ವಾ ನಿಮ್ದು?” ಎಂದು.

ಗುಂಡಿಗಿಂತ ಜ್ವರ ಹೆಚ್ಚು ಜನರನ್ನು ಮಲಗಿಸಿತೆಂದು ಅವರು ಹೇಳುತ್ತಿದ್ದುದು ಉತ್ಪ್ರೇಕ್ಷೆಯಲ್ಲ. ಮಲೇರಿಯಾ ತಡೆಯಲು ದಿನಾ ನುಂಗಿಸುತ್ತಿದ್ದ ಮೆಪಾಕ್ರಿನ್ ಮಾತ್ರೆಯಿಂದ ಮೈಬಣ್ಣವೇ ಹಳದಿಗೆ ತಿರುಗುತ್ತಿತ್ತು. ರಜೆಯಲ್ಲಿ ಮನೆಗೆ ಬಂದ ಗಂಡನನ್ನು ನೋಡಿ, ಯಾರೋ ಅರಿಸಿನ ಹಚ್ಚಿ ಇನ್ನೊಂದು ಮದುವೆಗೆ ಕೂರಿಸಿಬಿಟ್ಟರೇನೋ ಎಂದುಕೊಂಡೆನೆಂದು ಅಜ್ಜಿ ನಗುತ್ತಿದ್ದಳು.

ಒಂದು ಸಂಗತಿಯನ್ನು ಮಾತ್ರ ತಾತ ಬೇರೆ ದನಿಯಲ್ಲಿ ಹೇಳುತ್ತಿದ್ದರು. 1944ರ ಏಪ್ರಿಲ್‌ನಲ್ಲಿ ಮಣಿಪುರದ ಮೊಯಿರಾಂಗ್‌ನಲ್ಲಿ ಬಾವುಟ ಹಾರಿಸಿದ್ದ ಆಜಾದ್ ಹಿಂದ್ ಫೌಜಿನವರು ಮರುವರ್ಷ ಬರ್ಮಾದಲ್ಲಿ ಗುಂಪುಗುಂಪಾಗಿ ಶರಣಾದರು. ಅಂಥ ಒಂದು ಗುಂಪು ಇವರು ಮಾಡುತ್ತಿದ್ದ ರಸ್ತೆಯ ಪಕ್ಕದಲ್ಲೇ ಕುಳಿತಿತ್ತು. ಅವರಲ್ಲೊಬ್ಬ ಮಲಯದ ರಬ್ಬರ್ ತೋಟದ ಕೂಲಿಯ ಮಗ, ತಮಿಳಿನವನು. “ಬೆಂಕಿಪೊಟ್ಟಣ ಕೇಳಿದ. ಕೊಟ್ಟೆ. ಬೀಡಿ ಹಚ್ಚಿಕೊಂಡು ವಾಪಸ್ ಕೊಟ್ಟ.” ಅಷ್ಟೇ. ಆಮೇಲೆ ಏನಾಯಿತು, ಅವನೇನಂದ, ನಿಮಗೇನನ್ನಿಸಿತು ಎಂದು ಎಷ್ಟು ಬಗೆಯಲ್ಲಿ ಕೇಳಿದರೂ ಕಥೆ ಆ ಬೆಂಕಿಪೊಟ್ಟಣದಿಂದ ಮುಂದಕ್ಕೆ ಹೋಗುತ್ತಿರಲಿಲ್ಲ.

ಆಗಸ್ಟ್ 15ರ ಬಗ್ಗೆಯೂ ಅವರದು ಚಿಕ್ಕ ಉತ್ತರ: “ರೈಲಲ್ಲಿದ್ದೆ. ಯಾವ್ದೋ ಸ್ಟೇಷನ್ನಲ್ಲಿ ಲಾಡು ಕೊಟ್ರು.” ಊರಿನಲ್ಲಿ ಆ ದಿನ ಲಾಡು ಹಂಚಲೂ ಪೂರ್ತಿ ಮನಸ್ಸಿರಲಿಲ್ಲ. ಮೈಸೂರು ಭಾರತಕ್ಕೆ ಸೇರಿದ್ದರೂ ಜನರ ಕೈಗೆ ಆಡಳಿತ ಬಂದಿರಲಿಲ್ಲ. ಅದಕ್ಕಾಗಿ ಮತ್ತೆ ‘ಮೈಸೂರು ಚಲೋ’ ಚಳವಳಿ ನಡೆದು, ಅಕ್ಟೋಬರ್ ಕೊನೆಯಲ್ಲಿ ಕೆ.ಸಿ. ರೆಡ್ಡಿಯವರ ಸರ್ಕಾರ ಬಂತು. ಆ ಚಳವಳಿಯಲ್ಲೂ ಅಜ್ಜಿಯ ಅಣ್ಣ ಇದ್ದರು. ಪದಕದ ಮೇಲಿನ ತಾರೀಖು ನಮ್ಮೂರಿನ ಪಾಲಿಗೆ ಎರಡು ತಿಂಗಳು ಮುಂಚಿನದು.

ತಾತ ತನ್ನದೆಂದು ಹೆಮ್ಮೆಯಿಂದ ಹೇಳಿಕೊಂಡ ಯುದ್ಧ ಅದರ ಮರುವರ್ಷದ್ದು. 1948ರ ಸೆಪ್ಟೆಂಬರಿನಲ್ಲಿ, ಲಡಾಖಿಗೆ ಹೋಗುವ ಹಾದಿಯಲ್ಲಿ ಸುಮಾರು 11,500 ಅಡಿ ಎತ್ತರದ ಜೋಜಿ ಲಾ ಕಣಿವೆದಾರಿ ಪಾಕಿಸ್ತಾನದ ಕಡೆಯ ಆಕ್ರಮಣಕಾರರ ಕೈಯಲ್ಲಿತ್ತು. ಕಾಲಾಳು ಪಡೆಯ ದಾಳಿ ಸಫಲವಾಗಿರಲಿಲ್ಲ. ಆ ಭಾಗದ ಸೇನಾಧಿಪತಿಯಾಗಿದ್ದವರು ನಮ್ಮ ಮಡಿಕೇರಿಯವರೇ ಆದ ಜನರಲ್ ತಿಮ್ಮಯ್ಯ. ಅವರು ಅಷ್ಟು ಎತ್ತರಕ್ಕೆ ಟ್ಯಾಂಕುಗಳನ್ನು ಹತ್ತಿಸುವ ನಿರ್ಧಾರ ಮಾಡಿದರು. ಗೋಪುರಗಳನ್ನು ಕಳಚಿ, ಟಾರ್ಪಾಲು ಹೊದಿಸಿ, ಯಾರಿಗೂ ಸುಳಿವು ಸಿಗದಂತೆ ಏಳನೆಯ ಲೈಟ್ ಕ್ಯಾವಲ್ರಿ ರೆಜಿಮೆಂಟಿನ ಸ್ಟುವರ್ಟ್ ಟ್ಯಾಂಕುಗಳನ್ನು ಕಾಶ್ಮೀರಕ್ಕೆ ಸಾಗಿಸಿದರು. ಆದರೆ ಬಾಲ್ತಾಲಿನಿಂದ ಮೇಲಕ್ಕೆ ಇದ್ದದ್ದು ಹೇಸರಗತ್ತೆಗಳು ನಡೆಯುವ ಕಾಲುದಾರಿ. ಅದನ್ನು ಕೊರೆದು ಅಗಲಿಸಿ ಟ್ಯಾಂಕು ಹೋಗುವಂತೆ ಮಾಡಿದವರು ಮದ್ರಾಸ್ ಸ್ಯಾಪರ್ಸ್. ಬಂಡೆ ಸಿಡಿಸಬೇಕು, ಸಿಡಿದದ್ದನ್ನು ಕೈಯಲ್ಲೇ ಉರುಳಿಸಬೇಕು, ಮೇಲಿನಿಂದ ಗುಂಡು ಬಂದರೆ ಅದೇ ಬಂಡೆಯ ಮರೆಗೆ ಸರಿಯಬೇಕು. ಗೌರಿಬಿದನೂರಿನ ಬಿಸಿಲಲ್ಲಿ ಬೆಳೆದ ಮನುಷ್ಯ ಹಾರೆಯ ಕಬ್ಬಿಣಕ್ಕೆ ಅಂಗೈ ಚರ್ಮ ಅಂಟಿಕೊಳ್ಳುವ ಚಳಿಯಲ್ಲಿ ವಾರಗಟ್ಟಲೆ ದುಡಿದು ಎಡಗಾಲಿನ ಎರಡು ಬೆರಳುಗಳನ್ನು ಕಳೆದುಕೊಂಡರು. ನವೆಂಬರ್ 1ರಂದು ಹಿಮದ ನಡುವೆ ಟ್ಯಾಂಕುಗಳು ಆ ದಾರಿಯಲ್ಲಿ ಏರಿ ಹೋದವು. ಎದುರಾಳಿಗಳು ಅಲ್ಲಿ ಟ್ಯಾಂಕನ್ನು ನಿರೀಕ್ಷಿಸಿರಲೇ ಇಲ್ಲ. ಆ ತಿಂಗಳಿನಲ್ಲೇ ದ್ರಾಸ್, ಕಾರ್ಗಿಲ್‌ಗಳು ಮರಳಿ ಸಿಕ್ಕು ಲೇಹ್‌ಗೆ ದಾರಿ ತೆರೆಯಿತು.

ನಾನು ಒಮ್ಮೆ ಲಡಾಖ್ ಪ್ರವಾಸದಲ್ಲಿ ಜೋಜಿ ಲಾ ದಾಟಿದೆ. ಲಾರಿಗಳ ಸಾಲಿನಲ್ಲಿ ಎರಡು ಗಂಟೆ ಸಿಕ್ಕಿಕೊಂಡಿದ್ದೆವು. ಜೊತೆಯವರೆಲ್ಲ ರಸ್ತೆಯನ್ನು ಬೈಯುತ್ತಿದ್ದರು. ನಾನು ಕೆಳಗಿಳಿದು ಅಂಚಿನ ಒಂದು ಬಂಡೆಯ ಮೇಲೆ ಸುಮ್ಮನೆ ಕೈಯಿಟ್ಟು ನಿಂತೆ. ಅದೇ ಜಾಗ, ಅದೇ ಬಂಡೆ ಎಂದು ಹೇಳಲು ಯಾವ ಆಧಾರವೂ ಇರಲಿಲ್ಲ. ಚಾಲಕ ಹಾರನ್ ಹೊಡೆದ ಮೇಲೆ ಬಂದು ಕುಳಿತೆ.

ತಾತ 1957ರಲ್ಲಿ ಹವಾಲ್ದಾರರಾಗಿ ನಿವೃತ್ತರಾಗಿ ಬಂದರು. ದೊರೆಯ ಹೆಸರಿನಲ್ಲಿ ಪ್ರತಿಜ್ಞೆ ಸ್ವೀಕರಿಸಿ ಸೈನ್ಯ ಸೇರಿದವರಿಗೆ ಸ್ವತಂತ್ರ ಭಾರತದಿಂದ ತಿಂಗಳು ತಿಂಗಳು ಪಿಂಚಣಿ ಬಂತು. ನಾಗರಕಲ್ಲಿನ ನಡುವೆ ಮಲಗಿದ್ದ ಅವರ ಭಾವನಿಗೆ, ಜೈಲಿನ ದಾಖಲೆ ಇಲ್ಲದ್ದರಿಂದ, ಪಿಂಚಣಿಯೂ ಸಿಗಲಿಲ್ಲ, 1972ರಲ್ಲಿ ಸ್ವಾತಂತ್ರ್ಯ ಹೋರಾಟಗಾರರಿಗೆ ಕೊಟ್ಟ ತಾಮ್ರಪತ್ರವೂ ಸಿಗಲಿಲ್ಲ. ಇದು ತಾತನನ್ನು ಚುಚ್ಚುತ್ತಿತ್ತೆಂದು ನನಗೆ ಗೊತ್ತಾದದ್ದು ನಾನು ಮಾಧ್ಯಮಿಕ ಶಾಲೆಯಲ್ಲಿದ್ದಾಗ. ಆಗಸ್ಟ್ 15ರ ಸಮಾರಂಭಕ್ಕೆ ಇಬ್ಬರನ್ನೂ ಕರೆದಿದ್ದರು. ಮೇಷ್ಟ್ರು ತಾತನನ್ನು ಹಿರಿಯ ಸ್ವಾತಂತ್ರ್ಯ ಹೋರಾಟಗಾರರೆಂದು ಪರಿಚಯಿಸಿ ಶಾಲು ಹೊದಿಸಲು ಬಂದಾಗ ಅವರು ಶಾಲನ್ನು ಕೈಯಲ್ಲೇ ತಡೆದು, ಮೈಕಿಗೆ ಬಗ್ಗಿ, “ನಾನು ಮಿಲಿಟ್ರಿಯವನು. ಹೋರಾಟಗಾರರು ನಮ್ಮ ಭಾವ, ಅಗೋ ಅಲ್ಲಿ ಕೂತವ್ರೆ” ಎಂದರು. ಶಾಲು ಅತ್ತ ಹೋಯಿತು. ಮನೆಗೆ ಬರುವ ದಾರಿಯಲ್ಲಿ ಆ ಭಾವ, “ಏನ್ರೀ ಭಾವ, ಶಾಲು ಉಣ್ಣೇದಲ್ಲ, ಬರೀ ನೈಲಾನು” ಎಂದು ದೂರಿದರು.

ಇಂದು ಎಲ್ಲ ಸೈನಿಕರನ್ನೂ ‘ನಮ್ಮ ಸ್ವಾತಂತ್ರ್ಯಕ್ಕಾಗಿ ಹೋರಾಡಿದವರು’ ಎಂಬ ಒಂದೇ ವಾಕ್ಯದಲ್ಲಿ ಸ್ಮರಿಸುವ ರೂಢಿಯಿದೆ. ನನ್ನ ತಾತ ಬರ್ಮಾದಲ್ಲಿ ನನ್ನ ಸ್ವಾತಂತ್ರ್ಯಕ್ಕಾಗಿ ಹೋರಾಡಿದರೆಂದು ನಾನು ಹೇಳಲಾರೆ. ಅವರೇ ಒಪ್ಪದ ಮಾತನ್ನು ಅವರ ಫೋಟೊದ ಕೆಳಗೆ ಬರೆಯುವುದು ಗೌರವವಲ್ಲ. ಅವರು ಸಾಲ ತೀರಿಸಲು ಹೋದರು, ಹೇಳಿದ ಕೆಲಸವನ್ನು ಒಂದು ಗೇಣೂ ಕಡಿಮೆ ಮಾಡದೆ ಮಾಡಿದರು, ದೇಶ ತನ್ನದಾದ ಮೇಲೆ ಅದೇ ಕಸುಬನ್ನು ದೇಶಕ್ಕೆ ಕೊಟ್ಟರು. ನನ್ನ ಕೃತಜ್ಞತೆಗೆ ಇಷ್ಟು ಸಾಕು, ಇದರ ಮೇಲೆ ಬಣ್ಣ ಬಳಿಯಬೇಕಾಗಿಲ್ಲ.

ಅಜ್ಜಿಯ ಮಾತು ಬಾಕಿ ಉಳಿದಿದೆ. ಹದಿನಾರು ವರ್ಷ ಅವಳ ಪಾಲಿಗೆ ಗಂಡನೆಂದರೆ ತಿಂಗಳಿಗೊಂದು ಮನಿಯಾರ್ಡರ್. ಓದಲು ಬಾರದಿದ್ದರೂ ಹಣದ ಜೊತೆ ಬರುತ್ತಿದ್ದ ಪ್ರತಿಯೊಂದು ಕೂಪನ್ ಚೀಟಿಯನ್ನೂ ಬಂದ ಕ್ರಮದಲ್ಲೇ ದಾರಕ್ಕೆ ಪೋಣಿಸಿ ಇಟ್ಟಿದ್ದಳು. ಒಂದು ತಿಂಗಳು ಕೂಪನ್ ಬಾರದಿದ್ದರೆ ಅಂಚೆಯವನ ಮುಖ ನೋಡಲು ಹೆದರಿ ಹಿತ್ತಲಿಗೆ ಹೋಗಿಬಿಡುತ್ತಿದ್ದಳಂತೆ. ಆ ಹಣದಲ್ಲೇ ಸಾಲ ತೀರಿತು, ಬಾವಿ ಇನ್ನೂ ಹತ್ತು ಮೊಳ ಇಳಿಯಿತು, ನೀರು ಬಂತು.

ದೇಶದ ಮೊದಲ ಮಹಾಚುನಾವಣೆಯಲ್ಲಿ ಅವಳು ಮತ ಹಾಕಲು ಹೋದಳು. ಆಗ ಒಬ್ಬೊಬ್ಬ ಅಭ್ಯರ್ಥಿಗೂ ಚಿಹ್ನೆ ಅಂಟಿಸಿದ ಬೇರೆ ಬೇರೆ ಪೆಟ್ಟಿಗೆ. ಮೇಜಿನ ಮುಂದೆ ಕುಳಿತಿದ್ದ ಗುಮಾಸ್ತ ಪಟ್ಟಿ ನೋಡುತ್ತ ಗಂಡನ ಹೆಸರೇನೆಂದು ಕೇಳಿದ. ಅಜ್ಜಿ ಆ ಹೆಸರನ್ನು ಬಾಯಿಬಿಟ್ಟು ಹೇಳಿದವಳೇ ಅಲ್ಲ, ಕೊನೆಯವರೆಗೂ ಹೇಳಲಿಲ್ಲ. ಹಿಂದೆ ನಿಂತವರು ಅವಸರ ಮಾಡುತ್ತಿದ್ದರು, ಗುಮಾಸ್ತ ಮತ್ತೊಮ್ಮೆ ಕೇಳಿದ. ಅಜ್ಜಿ ಸೊಂಟದ ಎಲೆಯಡಿಕೆ ಚೀಲ ಬಿಚ್ಚಿ, ಆ ತಿಂಗಳ ಕೂಪನ್ನನ್ನು ತೆಗೆದು, ಮಡಿಕೆ ಬಿಡಿಸಿ, ಕಳಿಸಿದವರ ಹೆಸರಿದ್ದ ಜಾಗದ ಮೇಲೆ ಬೆರಳಿಟ್ಟು ತೋರಿಸಿದಳು.

ಫ್ರೇಮ್ ಅಂಗಡಿಗೆ ಮೊನ್ನೆ ಮತ್ತೆ ಹೋಗಿದ್ದೆ. ಪದಕಕ್ಕೆ ಎರಡೂ ಕಡೆ ಗಾಜು ಹಾಕಿ, ಗೋಡೆಗೆ ಹೊಡೆಯದೆ ಮೇಜಿನ ಮೇಲೆ ನಿಲ್ಲಿಸುವಂತೆ ಮಾಡಿಕೊಡಲು ಆ ಹುಡುಗ ಒಪ್ಪಿದ್ದಾನೆ, ಖರ್ಚು ಜಾಸ್ತಿಯಾಗುತ್ತದೆ ಎಂದಿದ್ದಾನೆ. ಸುಣ್ಣದ ಕಲೆಯಿರುವ ಆ ಕೂಪನ್ನಿಗೂ ಪಕ್ಕದಲ್ಲಿ ಜಾಗ ಬಿಡಲು ಹೇಳಿ, ಅಳತೆ ಕೊಟ್ಟು ಬಂದಿದ್ದೇನೆ.