ಧಾತು ಸಂವತ್ಸರದಲ್ಲಿ ಹುಟ್ಟಿದ ಮುತ್ತಜ್ಜ

ಮನೆತನದ ಚರಿತ್ರೆ ಹುಡುಕುವಾಗ ‘ನಿಮ್ಮ ಮುತ್ತಜ್ಜ ಹುಟ್ಟಿದ್ದು ಧಾತು ಬರದಲ್ಲಿ’ ಎಂದು ಮನೆಯ ಹಿರಿಯರು ಹೇಳಿದರೆ ಹುಟ್ಟಿದ ವರ್ಷ ಸಿಕ್ಕಂತೆಯೇ. ಪಂಚಾಂಗದ ಧಾತು ಸಂವತ್ಸರವೆಂದರೆ 1876–77, ಮರುವರ್ಷದ ಈಶ್ವರ 1877–78. ಮೈಸೂರು ಸೀಮೆಯನ್ನು ಬರಿದು ಮಾಡಿದ ಬರವದು. ಬೆಂಗಳೂರಿಗೆ ಪ್ಲೇಗ್ ಬಂದ 1898 ವಿಳಂಬಿ, ಇನ್‌ಫ್ಲುಯೆಂಜಾದ 1918 ಕಾಳಯುಕ್ತಿ.

ಎಡವುವುದು ಎರಡು ಕಡೆ. ಸಂವತ್ಸರ 60 ವರ್ಷಕ್ಕೊಮ್ಮೆ ಮರಳುತ್ತದೆ, 1936–37 ಕೂಡ ಧಾತುವೇ. ಯುಗಾದಿಗೆ ವರ್ಷ ತಿರುಗುವುದರಿಂದ ಪುಷ್ಯ, ಮಾಘದ ಘಟನೆ ಸಾಮಾನ್ಯವಾಗಿ ಮುಂದಿನ ಇಸವಿಗೆ ಬೀಳುತ್ತದೆ. ಶಾಲೆಯ ದಾಖಲೆಯಲ್ಲಿ ಜೂನ್ 1 ಎಂದಿದ್ದರೆ ಅದು ಬಹುಪಾಲು ಮೇಷ್ಟರ ಅಂದಾಜು!

ಕಾಗದಗಳಲ್ಲಿ ಹಳೇ ಕ್ರಯಪತ್ರವೇ ಗಟ್ಟಿ: ತಂದೆಯ ಹೆಸರು, ಊರು, ಕಸುಬು, ಚಕ್ಕುಬಂದಿ (ಜಮೀನಿನ ನಾಲ್ಕು ದಿಕ್ಕಿನ ಗಡಿ), ಸಾಕ್ಷಿಗಳು. ಸಾಕ್ಷಿ ಹಾಕಿದವರನ್ನು ಬಿಡಬೇಡಿ, ಅವರಲ್ಲಿ ಭಾವನೋ ಷಡ್ಡಕನೋ ಇರಬಹುದು. ಪಹಣಿಯಲ್ಲಿ ಹೆಸರು ಬದಲಾದ ವರ್ಷವನ್ನು ಸಾವಿನ ವರ್ಷವೆಂದುಕೊಳ್ಳಬೇಡಿ. ಪವತಿ ಖಾತೆ, ಅಂದರೆ ಸತ್ತವರ ಹೆಸರಿನಿಂದ ವಾರಸುದಾರರ ಹೆಸರಿಗೆ ಖಾತೆ ಬದಲಾವಣೆ, ಎಷ್ಟೋ ಮನೆಗಳಲ್ಲಿ ಹತ್ತಿಪ್ಪತ್ತು ವರ್ಷ ತಡವಾಗಿಯೇ ಆಗಿರುತ್ತದೆ. ಮೊಮ್ಮಗನಿಗೆ ಅಜ್ಜನ ಹೆಸರಿಡುವ ಮನೆಗಳಲ್ಲಂತೂ ಎರಡು ತಲೆಮಾರು ಒಬ್ಬನೇ ಆಗಿಬಿಡುವ ಅಪಾಯ. ಪ್ರತಿ ಹೆಸರಿನ ಪಕ್ಕ ತಂದೆ, ಹೆಂಡತಿಯ ಹೆಸರು ಬರೆದುಕೊಳ್ಳಿ.

ನಿಮ್ಮ ಮನೆತನಕ್ಕೆ ಹೆಳವರು, ಅಂದರೆ ಊರೂರು ಸುತ್ತಿ ಮನೆತನಗಳ ವಂಶಾವಳಿ ಹೇಳುವವರು, ಬರುತ್ತಿದ್ದರೆ ಅದೃಷ್ಟ. ಮೂಲ ಊರು, ವಲಸೆ, ಕವಲೊಡೆದ ದಾಯಾದಿಗಳು, ಎಲ್ಲ ಅವರ ವಂಶಾವಳಿಯಲ್ಲಿ ಸಿಗಬಹುದು. ಕೆಲವು ವರ್ಷಕ್ಕೊಮ್ಮೆ ಬರುವವರು, ಮುಂದಿನ ಸಲ ಓದುವಾಗ ದನಿ ರೆಕಾರ್ಡ್ ಮಾಡಿಕೊಳ್ಳಿ. ಹೆಣ್ಣುಮಕ್ಕಳ ಹೆಸರು ಮಾತ್ರ ಅಲ್ಲೂ ಕಡಿಮೆ. ಅವರನ್ನು ತವರಿನ ಕಡೆಯಿಂದಲೇ ಹುಡುಕಬೇಕು.