ಭಾನುವಾರ ಚರ್ಚ್ ಸ್ಟ್ರೀಟಿಗೆ, ವೀಲ್‌ಚೇರಿನಲ್ಲಿ

ಬೆಂಗಳೂರಿನಲ್ಲಿ ವೀಲ್‌ಚೇರ್ ಜೊತೆ ಹೊರಡುವವರಿಗೆ ಮೊದಲು ಅಡ್ಡ ಬರುವುದು ಕ್ಯಾಬಿನ ಡಿಕ್ಕಿ. ಬಹಳಷ್ಟು ಕ್ಯಾಬುಗಳು ಸಿಎನ್‌ಜಿಯಲ್ಲಿ ಓಡುತ್ತವೆ. ಸಿಲಿಂಡರ್ ಡಿಕ್ಕಿಯನ್ನು ತುಂಬಿಕೊಂಡಿರುತ್ತದೆ, ಮಡಚಿದ ಕುರ್ಚಿಗೂ ಅಲ್ಲಿ ಜಾಗವಿರುವುದಿಲ್ಲ. ಬುಕ್ ಮಾಡಿದ ಕೂಡಲೇ ಡ್ರೈವರಿಗೆ ಫೋನ್ ಮಾಡಿ ಕೇಳಿಬಿಡುವುದು ಒಳ್ಳೆಯದು. ಈ ರಗಳೆ ಬೇಡವೆಂದು ಆ ಭಾನುವಾರ ನಾನೂ ನನ್ನ ಹೆಂಡತಿಯೂ ಮೆಟ್ರೊದಲ್ಲೇ ಹೊರಟೆವು. ಬೆನ್ನುಹುರಿಗೆ ಪೆಟ್ಟಾದ ಮೇಲೆ ಅವಳಿಗೆ ಸೊಂಟದ ಕೆಳಗೆ ಸ್ಪರ್ಶ ಗೊತ್ತಾಗುವುದಿಲ್ಲ. ನಮ್ಮ ಎಚ್ಚರಿಕೆಗಳಲ್ಲಿ ಅರ್ಧಕ್ಕೆ ಅದೇ ಕಾರಣ.

ಹೊರಡುವ ಮುಂಚೆ ಟೈರನ್ನು ಹೆಬ್ಬೆರಳಿನಿಂದ ಒತ್ತಿ ನೋಡಬೇಕು. ಗಾಳಿ ಕಮ್ಮಿಯಾದರೆ ತಳ್ಳುವುದು ಭಾರವಾಗುತ್ತದೆ, ಅದಕ್ಕಿಂತ ಮುಖ್ಯವಾಗಿ ಬ್ರೇಕ್ ಹಿಡಿಯುವುದಿಲ್ಲ. ಏಕೆಂದರೆ ಈ ಬ್ರೇಕ್ ಟೈರನ್ನೇ ಒತ್ತಿ ನಿಲ್ಲಿಸುವಂಥದು. ಟೈರ್ ಮೆತ್ತಗಾದರೆ ಒತ್ತಡ ಸಾಲದು. ಮುಂದಿನ ಚಿಕ್ಕ ಗಾಲಿಗಳ ಅಚ್ಚಿಗೆ ಸುತ್ತಿಕೊಂಡ ಕೂದಲನ್ನೂ ತೆಗೆಯಬೇಕು. ಬ್ಯಾಗನ್ನು ಬೆನ್ನಿನ ಹಿಡಿಕೆಗೆ ನೇತುಹಾಕುವುದು ಬೇಡ. ಇಳಿಜಾರು ಹತ್ತುವಾಗ ಆ ಭಾರಕ್ಕೇ ಕುರ್ಚಿ ಹಿಂದಕ್ಕೆ ವಾಲುತ್ತದೆ, ಕೂತವರು ಎದ್ದರಂತೂ ಮಗುಚಿಯೇ ಬೀಳುತ್ತದೆ. ನಮ್ಮ ಬ್ಯಾಗಿನ ಜಾಗ ಸೀಟಿನ ಕೆಳಗೆ.

ಮೆಟ್ರೊ ನಿಲ್ದಾಣಗಳಲ್ಲಿ ಲಿಫ್ಟ್ ಇದೆ, ಅಗಲದ ಗೇಟೂ ಇದೆ. ಆದರೆ ರಸ್ತೆಯಿಂದ ಮೇಲೆ ಹೋಗುವ ಲಿಫ್ಟ್ ರಸ್ತೆಯ ಯಾವ ಬದಿಗಿದೆ ಎಂದು ಮೊದಲೇ ತಿಳಿದಿರಬೇಕು, ಇಲ್ಲವಾದರೆ ಟ್ರಾಫಿಕ್ ನಡುವೆ ರಸ್ತೆ ದಾಟುವ ಪಾಡು. ಪ್ಲಾಟ್‌ಫಾರ್ಮಿಗೂ ರೈಲಿಗೂ ನಡುವಿನ ಸಂದಿಯಲ್ಲಿ ದೊಡ್ಡ ಗಾಲಿ ಸಿಗುವುದಿಲ್ಲ, ಚಿಕ್ಕ ಗಾಲಿ ಅಡ್ಡ ತಿರುಗಿ ಸಿಕ್ಕಿಹಾಕಿಕೊಳ್ಳುತ್ತದೆ. ಅದಕ್ಕೇ ಹಿಂದುಹಿಂದಾಗಿ ಹತ್ತುವುದು, ದೊಡ್ಡ ಗಾಲಿ ಮೊದಲು ಒಳಗೆ. ಒಳಗೆ ಹೋದ ತಕ್ಷಣ ಬ್ರೇಕ್ ಹಾಕಬೇಕು. ಇಳಿಯುವಾಗಲೂ ಕುರ್ಚಿ ತಿರುಗಿಸಿ ಹಿಂದುಹಿಂದಾಗಿಯೇ ಇಳಿಯಬೇಕು, ಹಾಗಾಗಿ ಎಂ.ಜಿ. ರಸ್ತೆ ನಿಲ್ದಾಣ ಬರುವ ಮುಂಚೆಯೇ ಸುತ್ತಲಿನವರಿಗೆ ಹೇಳಿ ಜಾಗ ಮಾಡಿಕೊಂಡೆವು.

ಇನ್ನು ಫುಟ್‌ಪಾತು. ಬೈಕು ಹತ್ತದಿರಲಿ ಎಂದು ಅಡ್ಡ ನೆಟ್ಟ ಗೂಟಗಳ ನಡುವೆ 90 ಸೆಂ.ಮೀ. ಆದರೂ ಇರಬೇಕು. 46 ಸೆಂ.ಮೀ. ಸೀಟಿನ ಸಾಮಾನ್ಯ ಕುರ್ಚಿಯ ಒಟ್ಟು ಅಗಲ ಸುಮಾರು 65 ಸೆಂ.ಮೀ., ಮೇಲೆ ಗಾಲಿ ತಿರುಗಿಸುವ ಕೈಗಳಿಗೆ ಜಾಗ ಬೇಕು. ಗೂಟ ಒತ್ತೊತ್ತಾಗಿದ್ದರೆ ಬೈಕಿನ ಜೊತೆ ವೀಲ್‌ಚೇರಿಗೂ ದಾರಿ ಬಂದ್. ಆಗ ರಸ್ತೆಗೆ ಇಳಿಯಲೇಬೇಕು. ಇಳಿಯುವಾಗ ಕುರ್ಚಿಯ ಬೆನ್ನು ರಸ್ತೆಯ ಕಡೆಗಿರಲಿ: ದೊಡ್ಡ ಗಾಲಿಗಳೆರಡೂ ಒಟ್ಟಿಗೆ ಅಂಚಿನಿಂದ ನಿಧಾನ ಜಾರಲಿ, ತಳ್ಳುವವರ ತೊಡೆ ಬೆನ್ನಿಗೆ ಆನಿಕೊಂಡಿರಲಿ. ಹತ್ತುವಾಗ ಮುಖ ಫುಟ್‌ಪಾತಿನ ಕಡೆಗೆ. ಹಿಂಬದಿ ಕೆಳಗೆ ಚಾಚಿರುವ ಕೊಳವೆಯನ್ನು ಕಾಲಿನಿಂದ ಮೆಟ್ಟಿ, ಹಿಡಿಕೆಯನ್ನು ಕೆಳಕ್ಕೆ ಒತ್ತಿದರೆ ಮುಂದಿನ ಗಾಲಿ ಏಳುತ್ತದೆ. ಅದನ್ನು ಮೇಲಿಟ್ಟು, ದೊಡ್ಡ ಗಾಲಿ ಅಂಚಿಗೆ ತಾಗಿದ ಮೇಲೆ ಮುಂದಕ್ಕೆ ನೂಕಬೇಕು. ಕೈಬಲದಿಂದ ಎತ್ತುವ ಕೆಲಸ ಇದರಲ್ಲಿಲ್ಲ. ಎತ್ತಲು ಹೋದವರ ನಡು ಹಿಡಿದುಕೊಳ್ಳುತ್ತದೆ, ಅಷ್ಟೇ.

ಇದೆಲ್ಲಕ್ಕೂ ಮುಂಚೆ "ಎತ್ತುತ್ತಿದ್ದೀನಿ" ಎಂದು ಹೇಳಿ, ಅವಳು "ಹೂಂ" ಅನ್ನುವ ತನಕ ಕಾಯಬೇಕು. ಕಾಲಿನ ಕೆಳಗಿನ ನೆಲ ಸುಳಿವಿಲ್ಲದೆ ವಾಲಿದರೆ ಯಾರಿಗಾದರೂ ಎದೆ ಝಲ್ಲೆನ್ನುತ್ತದೆ. ಎಷ್ಟು ದಿನದ ಒಡನಾಟವಿದ್ದರೂ ಈ ಒಂದು ಮಾತನ್ನು ಬಿಡಬಾರದು ಎಂಬುದು ನನ್ನ ಖಚಿತ ಅಭಿಪ್ರಾಯ. ಸಪಾಟು ನೆಲದಲ್ಲಿ ಅವಳೇ ಗಾಲಿ ತಿರುಗಿಸುತ್ತಾಳೆ. ಕರೆದರೆ ಮಾತ್ರ ಹಿಡಿಕೆ ನನ್ನದು.

ಚರ್ಚ್ ಸ್ಟ್ರೀಟಿನ ಕಲ್ಲುಹಾಸು ನೋಡಲು ಬಲು ಚೆಂದ. ಆದರೆ ಕಲ್ಲುಕಲ್ಲಿನ ನಡುವಿನ ಗೆರೆಗಳ ಮೇಲೆ ಚಿಕ್ಕ ಗಾಲಿ ಅದುರುತ್ತದೆ, ಆ ಅದುರಿಗೆ ಕಾಲುಗಳು ಸೆಟೆದು ಪಾದ ಫುಟ್‌ರೆಸ್ಟಿನಿಂದ ಜಾರುತ್ತದೆ. ಜಾರಿದ್ದು ಅವಳಿಗೆ ಗೊತ್ತೇ ಆಗುವುದಿಲ್ಲ. ಪಾದ ಗಾಲಿಗೆ ಸಿಕ್ಕರೆ ಗಾಯ. ಹಿಮ್ಮಡಿಯ ಹಿಂದೆ ಒಂದು ವೆಲ್ಕ್ರೊ ಪಟ್ಟಿ ಕಟ್ಟಿ, ಮುಂದಿನ ಗಾಲಿ ತುಸು ಎತ್ತಿ ದೊಡ್ಡ ಗಾಲಿಗಳ ಮೇಲೆಯೇ ಸಾಗಿದರೆ ಅದುರು ಬಹುಮಟ್ಟಿಗೆ ಇಳಿಯುತ್ತದೆ.

ಊಟದ ಜಾಗ ಹಿಂದಿನ ದಿನವೇ ಗೊತ್ತಾಗಿತ್ತು. ಫೋನಿನಲ್ಲಿ "ವೀಲ್‌ಚೇರ್ ಬರುತ್ತಾ?" ಎಂದರೆ ಎಲ್ಲರೂ "ಬರುತ್ತೆ ಸಾರ್" ಎನ್ನುತ್ತಾರೆ. ಬಿಡಿಸಿ ಕೇಳಬೇಕು: ಬಾಗಿಲಲ್ಲಿ ಎಷ್ಟು ಮೆಟ್ಟಿಲು? ಟಾಯ್ಲೆಟ್ ಯಾವ ಮಹಡಿ? ಅದರ ಬಾಗಿಲು ಎರಡೂವರೆ ಅಡಿ ಇದೆಯಾ? ಒಳಕ್ಕೆ ತೆರೆಯುತ್ತದೋ ಹೊರಕ್ಕೋ? ಒಳಕ್ಕೆ ತೆರೆಯುವ ಬಾಗಿಲಾದರೆ, ಕುರ್ಚಿ ಒಳಹೋದ ಮೇಲೆ ಮುಚ್ಚುವುದಕ್ಕೇ ಆಗುವುದಿಲ್ಲ. ನಿಂತು ತಿನ್ನುವ ದರ್ಶಿನಿಗಳ ಟೇಬಲ್ ಕೂತವರ ಮುಖದ ಮಟ್ಟಕ್ಕೆ ಬರುತ್ತದೆ. ಕಡೆಗೆ ಸಿಕ್ಕ ಹೋಟೆಲಿನವರು ಹೇಳಿದ್ದು, "ಎರಡೇ ಮೆಟ್ಟಿಲು, ಹುಡುಗ್ರು ಎತ್ತಿಬಿಡ್ತಾರೆ." ಎರಡು ಮೆಟ್ಟಿಲೆಂದರೆ ಸುಮಾರು 30 ಸೆಂ.ಮೀ. ಎತ್ತರ. ಎತ್ತರ ಒಂದಕ್ಕೆ ಉದ್ದ ಹನ್ನೆರಡರ ಲೆಕ್ಕದಲ್ಲಿ ಅದಕ್ಕೆ 3.6 ಮೀಟರ್ ಉದ್ದದ ರ‍್ಯಾಂಪ್ ಬೇಕು. ಅಂಗಡಿ ಮುಂದೆ ಸ್ಕೂಟರಿಗೆಂದು ಇಡುವ ಮೂರಡಿ ತಗಡು ಕೆಲಸಕ್ಕೆ ಬರುವುದಿಲ್ಲ, ಕುರ್ಚಿ ಹಿಂದಕ್ಕೆ ಬೀಳುತ್ತದೆ.

ಆ ಹುಡುಗರು ಒಳ್ಳೆಯ ಮನಸ್ಸಿನಿಂದಲೇ ಓಡಿಬಂದರು. ಬಂದವರೇ ಕೈಹಾಕಿದ್ದು ಆರ್ಮ್‌ರೆಸ್ಟಿಗೆ, ಫುಟ್‌ರೆಸ್ಟಿಗೆ. ಎರಡೂ ಕಳಚಿ ಬರುವ ಭಾಗಗಳು. ಅವನ್ನು ಹಿಡಿದು ಎತ್ತಿದರೆ ಕೈಗೆ ಬರುವುದು ಅದೊಂದೇ. ಅವಳೇ ಅವರನ್ನು ನಿಲ್ಲಿಸಿ ಹೇಳಿಕೊಟ್ಟಳು: ಕುರ್ಚಿಯ ಬೆನ್ನು ಮೆಟ್ಟಿಲ ಕಡೆಗೆ, ಹಿಂದೆ ಒಬ್ಬರು ಹಿಡಿಕೆ ಹಿಡಿದು ವಾಲಿಸಿ ಎಳೆಯಬೇಕು, ಮುಂದಿನವರು ಸೀಟಿನ ಕೆಳಗಿನ ಚೌಕಟ್ಟು ಹಿಡಿಯಬೇಕು, ಒಂದೊಂದೇ ಮೆಟ್ಟಿಲು, ಒಬ್ಬರೇ ಎಣಿಸಬೇಕು. ಎಣಿಸಿದ್ದೂ ಅವಳೇ.

ಒಳಗೆ ಮಾಣಿ ನನ್ನ ಕಡೆ ತಿರುಗಿ, "ಮೇಡಂಗೆ ಏನು ಕೊಡ್ಲಿ ಸಾರ್?" ಎಂದ. ಇಂಥಲ್ಲಿ ಜೊತೆಗಿರುವವರು ಉತ್ತರ ಕೊಡಬಾರದು. ನಾನು ಮೆನು ನೋಡುತ್ತಾ ಸುಮ್ಮನಿದ್ದೆ. ಅವಳು ಬಿಸಿಬೇಳೆಬಾತ್ ಹೇಳಿದಳು, ಬಿಲ್ಲನ್ನೂ ಅವಳೇ ಕೇಳಿ ತರಿಸಿದಳು.

ಟಾಯ್ಲೆಟ್ ತಾಪತ್ರಯಕ್ಕೆ ಹೆದರಿ ನೀರು ಕುಡಿಯುವುದನ್ನೇ ಬಿಡುವವರನ್ನು ಬಹಳ ಮಂದಿ ನೋಡಿದ್ದೇನೆ. ಅದರಿಂದ ಮೂತ್ರದ ಸೋಂಕು ಬೆನ್ನು ಹತ್ತುತ್ತದೆ. ಆಗಾಗ ಕ್ಯಾಥೆಟರ್ (ಮೂತ್ರ ಹೊರತೆಗೆಯುವ ಸಣ್ಣ ಕೊಳವೆ) ತೂರಿಸಿ ತೆಗೆಯುವವರು ನಾಲ್ಕರಿಂದ ಆರು ಗಂಟೆಗೊಮ್ಮೆ ಮೂತ್ರಕೋಶ ಖಾಲಿ ಮಾಡಲೇಬೇಕು, ಹಾಗಾಗಿ ನಾವು ಹೊರಗಿರುವ ಹೊತ್ತನ್ನೇ ಆ ಲೆಕ್ಕಕ್ಕೆ ಕೂರಿಸುತ್ತೇವೆ. ನೀರು ಎಂದಿನಷ್ಟೇ. ಅರ್ಧ ಗಂಟೆಗೊಮ್ಮೆ ಅವಳು ಟೇಬಲ್ಲಿಗೆ ಮೊಣಕೈಯೂರಿ ಒಂದೆರಡು ನಿಮಿಷ ಮುಂದಕ್ಕೆ ಬಾಗುತ್ತಾಳೆ. ಕುಂಡಿಯ ಮೂಳೆಗಳ ಕೆಳಗಿನ ಚರ್ಮಕ್ಕೆ ರಕ್ತ ಹರಿಯಲಿ ಎಂದು.

ಮನೆಗೆ ಬಂದ ಮೇಲೆ ಆ ಜಾಗವನ್ನೂ ಹಿಮ್ಮಡಿಯನ್ನೂ ನೋಡುವುದು ದಿನದ ಕಡೆಯ ಕೆಲಸ. ಕೆಂಪಾಗಿದ್ದರೆ ಭಾರ ಬೀಳದಂತೆ ಮಲಗಿ ಅರ್ಧ ಗಂಟೆ ಬಿಟ್ಟು ಮತ್ತೆ ನೋಡಬೇಕು. ಮಾಸಿದ್ದರೆ ಸರಿ. ಮಾಸದಿದ್ದರೆ ಅದು ಪೂರ್ತಿ ಹೋಗುವ ತನಕ ಅದರ ಮೇಲೆ ಕೂರುವಂತಿಲ್ಲ, ಮಾರನೆಯ ದಿನ ಎಂಥ ಕಾರ್ಯಕ್ರಮವಿದ್ದರೂ.