ದಾನದ ಕಾರ್ನಿಯಾದ ಮೇಲೆ ಕೈ ಪಳಗಿಸುವುದು

ಬೆಂಗಳೂರು, 17 ನವೆಂಬರ್ 2024, ಭಾನುವಾರ

ಇಂದು ಮಧ್ಯಾಹ್ನವೆಲ್ಲ ಶಸ್ತ್ರಚಿಕಿತ್ಸೆಯ ಅಭ್ಯಾಸ ನಡೆಸುವ ವೆಟ್ ಲ್ಯಾಬಿನಲ್ಲೇ ಕಳೆಯಿತು. ಕಸಿಗೆ ಯೋಗ್ಯವಲ್ಲವೆಂದು ನೇತ್ರ ಬ್ಯಾಂಕ್ ಬದಿಗಿರಿಸಿದ್ದ ಒಂದು ಕಾರ್ನಿಯಾ, ಅಂದರೆ ಕಣ್ಣಿನ ಮುಂಭಾಗದ ಪಾರದರ್ಶಕ ಪೊರೆ, ನನ್ನ ಪಾಲಿಗೆ ಬಂದಿತ್ತು. ಕೋಶಗಳನ್ನು ಎಣಿಸುವ ಸ್ಪೆಕ್ಯುಲರ್ ಮೈಕ್ರೋಸ್ಕೋಪಿನಲ್ಲಿ ನೋಡಿದಾಗ ಅದರ ಒಳಪದರದ ಎಂಡೋಥೀಲಿಯಂ ಕೋಶಗಳು ಚದರ ಮಿಲಿಮೀಟರಿಗೆ 2000ಕ್ಕಿಂತ ಬಹಳ ಕಡಿಮೆ ಇದ್ದವು. ಈ ಕೋಶಗಳು ನಷ್ಟವಾದರೆ ಮನುಷ್ಯನ ಕಣ್ಣಿನಲ್ಲಿ ಮತ್ತೆ ಬೆಳೆದು ಆ ಜಾಗವನ್ನು ತುಂಬುವುದಿಲ್ಲವಾದ್ದರಿಂದ ಅಂಥ ಅಂಗಾಂಶವನ್ನು ರೋಗಿಗೆ ಹಾಕುವಂತಿಲ್ಲ. ಅದನ್ನು ತರಬೇತಿಗೆ ಬಳಸಬಹುದೆಂದು ದಾನಿಯ ಮನೆಯವರು ಒಪ್ಪಿಗೆ ಪತ್ರಕ್ಕೆ ಸಹಿ ಹಾಕಿಕೊಟ್ಟಿದ್ದರು.

ಕಣ್ಣಿನ ವೈದ್ಯರ ಸ್ನಾತಕೋತ್ತರ ಪದವಿಯಾದ ಎಂ.ಎಸ್. ಮುಗಿದ ಮೇಲೂ ಇನ್ನೇನು ಓದುವುದಿದೆ ಎಂದು ಬಂಧುಗಳು ಕೇಳುವುದುಂಟು. ಮೂರು ವರ್ಷದ ಎಂ.ಎಸ್.ನಲ್ಲಿ ಕಣ್ಣಿನ ಎಲ್ಲ ಭಾಗಗಳನ್ನೂ ಓದುತ್ತೇವೆ, ಆದರೆ ಚೆನ್ನಾಗಿ ಕೈವಶವಾಗುವುದು ಹೆಚ್ಚಾಗಿ ಕಣ್ಣಿನ ಪೊರೆಯ (ಕ್ಯಾಟರ್ಯಾಕ್ಟ್) ಶಸ್ತ್ರಚಿಕಿತ್ಸೆಯೊಂದೇ. ರೆಟಿನಾ, ಗ್ಲಾಕೋಮಾ, ಮಕ್ಕಳ ಕಣ್ಣು, ಕಾರ್ನಿಯಾ ಎಂದು ಒಂದು ವಿಭಾಗವನ್ನು ಆರಿಸಿಕೊಂಡವರು ಫೆಲೋಶಿಪ್ ಹೆಸರಿನಲ್ಲಿ ಮತ್ತೆ ಒಂದೆರಡು ವರ್ಷ ಹಿರಿಯರ ಪಕ್ಕದಲ್ಲಿ ಕುಳಿತು ಕಲಿಯುತ್ತಾರೆ.

ಕಾರ್ನಿಯಾದಲ್ಲಿ ಅಷ್ಟೊಂದು ಕಲಿಯಲು ಏನಿದೆ ಎಂಬುದನ್ನು ನಮ್ಮ ಊರಿನವರಿಗೆ ತಿಳಿಸಲು ನಾನು ಸಾಮಾನ್ಯವಾಗಿ ಪುನೀತ್ ರಾಜ್‌ಕುಮಾರ್ ಅವರ ನೇತ್ರದಾನವನ್ನೇ ನೆನಪಿಸುತ್ತೇನೆ. 2021ರ ಅಕ್ಟೋಬರ್ 29ರಂದು ಅವರು ತೀರಿಕೊಂಡ ನಂತರ ನಾರಾಯಣ ನೇತ್ರಾಲಯದ ವೈದ್ಯರು ಅವರ ಎರಡು ಕಾರ್ನಿಯಾಗಳನ್ನು ನಾಲ್ವರಿಗೆ ಕಸಿ ಮಾಡಿದರು. ಒಂದೊಂದು ಕಾರ್ನಿಯಾವನ್ನೂ ಪದರವಾಗಿ ಬೇರ್ಪಡಿಸಿ, ಮುಂಭಾಗದ ಪದರದ ಕಾಯಿಲೆ ಇದ್ದ ಇಬ್ಬರಿಗೆ ಮುಂಭಾಗವನ್ನೂ ಒಳಪದರ ಕೆಟ್ಟಿದ್ದ ಇಬ್ಬರಿಗೆ ಹಿಂಭಾಗವನ್ನೂ ಕೊಟ್ಟದ್ದರಿಂದ ಅದು ಸಾಧ್ಯವಾಯಿತು. ಇಡೀ ಕಾರ್ನಿಯಾವನ್ನು ಕತ್ತರಿಸಿ ಹೊಲಿಯುವ ಹಳೆಯ ಪದ್ಧತಿಯೊಂದನ್ನೇ ಬಲ್ಲವರ ಕೈಯಲ್ಲಿ ಅದೇ ದಾನ ಇಬ್ಬರಿಗಷ್ಟೇ ದಕ್ಕುತ್ತಿತ್ತು.

ಕಾರ್ನಿಯಾದ ನಡುಭಾಗದ ದಪ್ಪ ಸುಮಾರು 540 ಮೈಕ್ರಾನ್, ಅಂದರೆ ಅರ್ಧ ಮಿಲಿಮೀಟರಿಗಿಂತ ತುಸು ಹೆಚ್ಚು. ಒಳಪದರವನ್ನಷ್ಟೇ ಬದಲಿಸುವ ಡಿಮೆಕ್ ಎಂಬ ಕಸಿಯಲ್ಲಿ ನಾವು ಬಿಡಿಸಿಕೊಳ್ಳಬೇಕಾದ ಒಳಪದರದ ದಪ್ಪ ಹೆಚ್ಚೂಕಡಿಮೆ 15 ಮೈಕ್ರಾನ್ ಮಾತ್ರ. ಟ್ರಿಪಾನ್ ಬ್ಲೂ ಎಂಬ ನೀಲಿ ಬಣ್ಣ ಹನಿಸಿ, ನೀಲಿಯಾದ ಅಂಚನ್ನು ಮೊನೆಬಾಗಿದ ಹುಕ್‌ನಿಂದ ಸುತ್ತಲೂ ಎಬ್ಬಿಸಿ, ಹಲ್ಲಿಲ್ಲದ ಫೋರ್ಸೆಪ್ಸ್‌ನಲ್ಲಿ ಅಂಚನ್ನಷ್ಟೇ ಹಿಡಿದು, ದ್ರವದಲ್ಲಿ ಮುಳುಗಿಸಿಟ್ಟೇ ನಡುವಿನತ್ತ ನಿಧಾನವಾಗಿ ಸುಲಿಯಬೇಕು. ಅಂಚಿನಲ್ಲಿ ಚಿಕ್ಕ ಹರಕು ಕಂಡರೆ ಎಳೆಯುವ ದಿಕ್ಕನ್ನು ಆಗಲೇ ಬದಲಿಸಬೇಕು, ಇಲ್ಲವಾದರೆ ಅದು ನಡುವಿನವರೆಗೂ ಓಡುತ್ತದೆ. ಬಿಡಿಸಿದ ಪದರ ಬಾಳೆಯ ಸುಳಿಯಂತೆ ತಾನಾಗಿ ಸುರುಳಿ ಸುತ್ತಿಕೊಳ್ಳುತ್ತದೆ, ಕೋಶಗಳ ಮೈ ಹೊರಗೆ. ಕಿರಿಯ ವಯಸ್ಸಿನ ದಾನಿಯದಾದರೆ ಸುರುಳಿ ಇನ್ನೂ ಬಿಗಿ, ಆದ್ದರಿಂದ ಈ ಕಸಿಗೆ 50 ದಾಟಿದವರ ಕಾರ್ನಿಯಾವನ್ನೇ ಹೆಚ್ಚಿನ ವೈದ್ಯರು ಬಯಸುತ್ತಾರೆ. ಕಣ್ಣಿನೊಳಗೆ ಹೋದ ಮೇಲೆ ಅದನ್ನು ಹಿಡಿದು ಬಿಡಿಸುವಂತಿಲ್ಲ. ಕಾರ್ನಿಯಾದ ಮೇಲಿಂದ ಮೆಲ್ಲಗೆ ತಟ್ಟಿ ತಟ್ಟಿಯೇ ಅದು ತೆರೆದುಕೊಳ್ಳುವಂತೆ ಮಾಡಿ, ಮೈ ತಿರುವುಮುರುವಾಗಿಲ್ಲವೆಂದು ಖಚಿತಪಡಿಸಿಕೊಂಡು, ಕೆಳಗೆ ಗಾಳಿಗುಳ್ಳೆಯನ್ನು ಬಿಟ್ಟು ಅಂಟಿಸಬೇಕು. ಇಂದು ಪದರ ಪೂರ್ತಿಯಾಗಿ ಬಿಡಿಸಿ ಬಂದಾಗ ಪಕ್ಕದಲ್ಲಿದ್ದ ನಮ್ಮ ಹಿರಿಯ ವೈದ್ಯೆ "ಈಗ ತಿರುಗಿಸಿ ನೋಡಿ, ಯಾವ ಮೈ ಮೇಲಿದೆ ಹೇಳಿ" ಎಂದಷ್ಟೇ ಅಂದರು. ಆ ಪ್ರಶ್ನೆಗೆ ಉತ್ತರ ಹೇಳಲಾಗದವರು ಶಸ್ತ್ರಚಿಕಿತ್ಸೆಯ ಕೋಣೆಗೆ ಹೋಗಬಾರದೆಂಬುದು ಅವರ ನಿಯಮ. ನನಗೂ ಅದು ಪೂರ್ಣವಾಗಿ ಒಪ್ಪಿಗೆ.

ಈ ಕಸಿ ಬೇಕಾಗಿರುವ ಮಾಗಡಿ ಕಡೆಯ ಅಜ್ಜಿಯೊಬ್ಬರು ನಮ್ಮ ವಾರ್ಡಿನಲ್ಲಿದ್ದಾರೆ. "ಬೆಳಿಗ್ಗೆ ಎದ್ದಾಗ ಎಲ್ಲಾ ಮಂಜು ಡಾಕ್ಟ್ರಮ್ಮ, ಹೊತ್ತೇರಿದ ಮೇಲೆ ಸ್ವಲ್ಪ ತಿಳಿಯಾಗ್ತದೆ" ಎಂದು ಅವರು ಹೇಳಿದ ಒಂದೇ ಮಾತಿನಲ್ಲಿ ರೋಗದ ಸುಳಿವೆಲ್ಲ ಇತ್ತು. ರಾತ್ರಿ ರೆಪ್ಪೆ ಮುಚ್ಚಿರುವಾಗ ಕಾರ್ನಿಯಾದ ನೀರು ಆರುವುದಿಲ್ಲ, ನೀರನ್ನು ಹೊರಹಾಕುವ ಒಳಪದರ ಸೋತಿದ್ದರೆ ಕಾರ್ನಿಯಾ ಊದಿಕೊಳ್ಳುತ್ತದೆ, ಹಗಲಿನಲ್ಲಿ ಕಣ್ಣು ತೆರೆದಿದ್ದಂತೆ ಸ್ವಲ್ಪ ಇಳಿಯುತ್ತದೆ. ಹೀಗೆ ಕೇಳಿಸಿಕೊಳ್ಳುವುದನ್ನೂ ತರಬೇತಿಯ ಭಾಗವೆಂದೇ ನಾನು ಎಣಿಸುತ್ತೇನೆ. ಗಾಳಿಗುಳ್ಳೆ ಪದರವನ್ನು ಮೇಲಕ್ಕೆ ಒತ್ತಿಹಿಡಿಯಬೇಕಾದ್ದರಿಂದ ಶಸ್ತ್ರಚಿಕಿತ್ಸೆಯ ನಂತರ ಅಂಗಾತ ಮಲಗಿಯೇ ಇರಬೇಕೆಂದು ಅವರಿಗೂ ಅವರ ಸೊಸೆಗೂ ನಿನ್ನೆ ನಿಧಾನವಾಗಿ ತಿಳಿಸಿ ಹೇಳಿದ್ದೇನೆ.

ನಮ್ಮ ಹೊರರೋಗಿ ವಿಭಾಗದಲ್ಲಿ ದೃಷ್ಟಿ ಪರೀಕ್ಷೆ ಮತ್ತು ಲೆನ್ಸ್‌ಗಳ ಸ್ನಾತಕೋತ್ತರ ಪದವಿಯಾದ ಎರಡು ವರ್ಷದ ಎಂ.ಆಪ್ಟಂ. ಓದುತ್ತಿರುವವರೂ ಇದ್ದಾರೆ. ಕಾರ್ನಿಯಾ ತೆಳುವಾಗಿ ಶಂಕುವಿನಂತೆ ಮುಂದೆ ಉಬ್ಬುವ ಕೆರಟೋಕೋನಸ್ ಇರುವ ಅನೇಕರಿಗೆ ಅವರು ಸರಿಯಾಗಿ ಕೂರಿಸುವ ಗಟ್ಟಿ ಕಾಂಟ್ಯಾಕ್ಟ್ ಲೆನ್ಸಿನಿಂದಲೇ ಕಸಿಯ ಅಗತ್ಯ ತಪ್ಪುತ್ತದೆ. ಕತ್ತಿ ಹಿಡಿಯುವ ನಾವು ಅವರ ಪಕ್ಕದಲ್ಲಿ ಕುಳಿತು ಕಲಿಯುವುದು ತೀರ ಕಡಿಮೆ.

ಫೆಲೋಶಿಪ್ ತರಬೇತಿ ಆಸ್ಪತ್ರೆಯಿಂದ ಆಸ್ಪತ್ರೆಗೆ ಬೇರೆಯಾಗಿರುವುದು ಈ ಕ್ಷೇತ್ರದ ದೊಡ್ಡ ಕೊರತೆಯೆಂದು ನನ್ನ ಅಭಿಪ್ರಾಯ. ಲಾಗ್ ಬುಕ್ಕಿನಲ್ಲಿ ಎಷ್ಟು ಶಸ್ತ್ರಚಿಕಿತ್ಸೆ ಮಾಡಿದೆವೆಂಬ ಲೆಕ್ಕ ಇರುತ್ತದೆ. ಅದರ ಜೊತೆಗೆ, ರೋಗಿಯ ಕಣ್ಣನ್ನು ಮುಟ್ಟುವ ಮೊದಲು ಕಸಿಗೆ ಬಾರದ ಎಷ್ಟು ಕಾರ್ನಿಯಾಗಳ ಮೇಲೆ ಪದರ ಬಿಡಿಸಿದೆವು, ಕಸಿಯಾದ ಆರು ತಿಂಗಳ ನಂತರ ಆ ಕಣ್ಣಿನಲ್ಲಿ ಎಷ್ಟು ಕೋಶಗಳು ಉಳಿದಿವೆ ಎಂಬ ಎರಡು ಅಂಕಣಗಳು ಎಲ್ಲೆಡೆ ಕಡ್ಡಾಯವಾಗಬೇಕು. ದುಃಖದ ಗಳಿಗೆಯಲ್ಲಿ ಸಹಿ ಹಾಕಿದ ಕುಟುಂಬಕ್ಕೆ ನಾವು ಕೊಡಬೇಕಾದ ಲೆಕ್ಕ ಅದು. ನಮ್ಮ ವಿಭಾಗದ ಮುಂದಿನ ಸಭೆಗೆ ಇದನ್ನು ಬರೆದುಕೊಡುತ್ತಿದ್ದೇನೆ.

ಅಂಗಾಂಶ ದೊರೆತರೆ ಅಜ್ಜಿಯ ಶಸ್ತ್ರಚಿಕಿತ್ಸೆ ಮಂಗಳವಾರ. ಪದರ ಸುಲಿಯುವುದು ನನ್ನ ಕೆಲಸ, ಕಣ್ಣಿನೊಳಗಿನದು ಮೇಡಂ ಅವರದು.